ದೆವ್ವಕ್ಕಿಂತ ಮೊದಲು ಸಾಕ್ಷಿ

ಶೇಕ್ಸ್‌ಪಿಯರನ ‘ದಿ ವಿಂಟರ್ಸ್ ಟೇಲ್’ ನಾಟಕದಲ್ಲಿ ಮಮಿಲಿಯಸ್ ಎಂಬ ಪುಟ್ಟ ರಾಜಕುಮಾರನಿಗೆ ತಾಯಿ ಒಂದು ಕಥೆ ಹೇಳು ಎನ್ನುತ್ತಾಳೆ. ಚಳಿಗಾಲಕ್ಕೆ ದುಃಖದ ಕಥೆಯೇ ಸರಿ, ತನ್ನ ಹತ್ತಿರ ದೆವ್ವಗಳದ್ದು ಒಂದಿದೆ ಎನ್ನುವ ಹುಡುಗ, ಸ್ಮಶಾನದ ಪಕ್ಕದಲ್ಲಿ ವಾಸವಾಗಿದ್ದ ಒಬ್ಬ ಮನುಷ್ಯನ ಸುದ್ದಿ ತೆಗೆದು, ಸುತ್ತ ಇರುವ ಹೆಂಗಸರಿಗೆ ಕೇಳಿಸಬಾರದೆಂದು ದನಿ ತಗ್ಗಿಸುತ್ತಾನೆ. ತಾಯಿ ಕಿವಿಯೊಡ್ಡುತ್ತಾಳೆ. ಅಷ್ಟರಲ್ಲಿ ಹೆಂಡತಿಯ ಮೇಲೆ ಅನುಮಾನಪಟ್ಟು ಕುದಿಯುತ್ತಿರುವ ರಾಜ ಬರುತ್ತಾನೆ, ಮಗನನ್ನು ತಾಯಿಯಿಂದ ದೂರ ಮಾಡುತ್ತಾನೆ. ಮೂರನೇ ಅಂಕದ ಹೊತ್ತಿಗೆ ಹುಡುಗ ಸತ್ತೇ ಹೋಗಿರುತ್ತಾನೆ. ಕಥೆ ಮೊದಲ ಸಾಲಿನಲ್ಲೇ ನಿಂತುಹೋಯಿತು. ಈ ನಾಟಕವನ್ನು 1611ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ನೋಡಿದವರೊಬ್ಬರು ಬರೆದಿಟ್ಟ ದಾಖಲೆಯಿದೆ. ಮುನ್ನೂರು ವರ್ಷ ದಾಟಿದ ಮೇಲೆ, 1924ರಲ್ಲಿ, ಇಂಗ್ಲಿಷ್ ದೆವ್ವದ ಕಥೆಗಳ ದೊಡ್ಡ ಹೆಸರಾದ ಎಂ.ಆರ್. ಜೇಮ್ಸ್ ಆ ಹುಡುಗ ಬಿಟ್ಟಲ್ಲಿಂದ ಕಥೆಯನ್ನು ಎತ್ತಿಕೊಂಡು ಮುಗಿಸಿದ. 1937ರಲ್ಲಿ ಪತ್ತೇದಾರಿ ಕಾದಂಬರಿಕಾರ ಜಾನ್ ಡಿಕ್ಸನ್ ಕಾರ್ ತನ್ನ ‘ದಿ ಬರ್ನಿಂಗ್ ಕೋರ್ಟ್’ ಕಾದಂಬರಿಯನ್ನು ಅದೇ ಅರ್ಧ ಸಾಲನ್ನು ನೆನೆದು ಶುರುಮಾಡಿದ. ಪೂರ್ತಿಯಾಗದ ಒಂದು ವಾಕ್ಯಕ್ಕೆ ಇಷ್ಟು ಆಯುಸ್ಸು ಎಲ್ಲಿಂದ ಬಂತು? ಅದರಲ್ಲಿ ದೆವ್ವವಿಲ್ಲ, ರಕ್ತವಿಲ್ಲ, ಕಿರುಚಾಟವಿಲ್ಲ. ಇರುವುದು ಒಬ್ಬ ಮನುಷ್ಯ ಮತ್ತು ಅವನ ವಿಳಾಸ.

ಹೊಸ ಕಾದಂಬರಿ ಬಿಡುಗಡೆಯಾಗುವ ಮೊದಲು ಅದರ ಆರಂಭದ ಸಾಲುಗಳನ್ನು ಓದುಗರ ಮುಂದಿಡುವುದು ಈಗ ವಾಡಿಕೆಯಾಗಿದೆ. ಅತಿಮಾನುಷ ಶಕ್ತಿಯ ನೆರಳಿರುವ ರಹಸ್ಯ ಕಾದಂಬರಿಯಾದರಂತೂ ಹೀಗೆ ಹಂಚಿಕೊಳ್ಳುವ ಸಾಲುಗಳಿಗೆ ಒಂದು ಸಿದ್ಧ ಅಚ್ಚು ಇದೆ: ಅಮಾವಾಸ್ಯೆ, ಮಳೆ, ಹೋದ ಕರೆಂಟು, ಊಳಿಡುವ ನಾಯಿ, ತಾನಾಗಿ ತೆರೆದುಕೊಳ್ಳುವ ಬಾಗಿಲು. ಓದುಗನ ಮೈ ಜುಮ್ಮೆನ್ನಬೇಕು, ಆಗ ಪುಸ್ತಕ ಕೊಳ್ಳುತ್ತಾನೆ ಎಂಬ ಲೆಕ್ಕಾಚಾರ. ಆದರೆ ಈ ಬಗೆಯ ಕೃತಿಗಳಲ್ಲಿ ನೂರು ವರ್ಷ ದಾಟಿಯೂ ಓದಿಸಿಕೊಳ್ಳುತ್ತಿರುವವನ್ನು ತೆರೆದು ನೋಡಿದರೆ ಕಾಣುವುದೇ ಬೇರೆ. ಅವುಗಳ ಮೊದಲ ಪುಟದಲ್ಲಿ ದೆವ್ವಕ್ಕಿಂತ ಮೊದಲು ಒಬ್ಬ ಸಾಕ್ಷಿ ಬಂದು ನಿಂತಿರುತ್ತಾನೆ. ಯಾರು ನೋಡಿದ್ದು, ಯಾವಾಗ, ಆ ವಿಷಯ ನಮ್ಮ ಕೈಗೆ ಬಂದದ್ದು ಹೇಗೆ, ಈ ಕಥೆಯ ಮಟ್ಟಿಗೆ ಯಾವುದನ್ನು ಪುರಾವೆ ಎಂದು ಒಪ್ಪಬಹುದು ಎಂಬುದನ್ನು ಆ ಪುಟ ಸದ್ದಿಲ್ಲದೆ ಗೊತ್ತುಮಾಡಿಬಿಡುತ್ತದೆ. ಭಯ ಆಮೇಲಿನ ಮಾತು. ಆರಂಭದ ಸಾಲುಗಳನ್ನು ತೂಗುವುದಾದರೆ ಈ ತಕ್ಕಡಿಯಲ್ಲೇ ತೂಗಬೇಕು ಎಂಬುದು ಇಲ್ಲಿನ ವಾದ.

ಈ ಪ್ರಕಾರಕ್ಕೆ ಇಂಥ ಸಾಕ್ಷಿಯ ಅಗತ್ಯ ಬಂದದ್ದು ಅದರ ಹುಟ್ಟಿನಿಂದಲೇ. ಒಂದಕ್ಕೊಂದು ಆಗಿಬರದ ಎರಡು ಮನೆತನಗಳ ಸಂಬಂಧದಲ್ಲಿ ಹುಟ್ಟಿದ ಕೂಸು ಇದು. ಪತ್ತೇದಾರಿ ಕಥೆಯ ಕಾನೂನು ಒಂದು. 1929ರಲ್ಲಿ ರೊನಾಲ್ಡ್ ನಾಕ್ಸ್ ಆ ಕಥೆಗಳಿಗೆ ಹತ್ತು ಕಟ್ಟಳೆಗಳನ್ನು ಬರೆದಾಗ, ಎರಡನೆಯದರಲ್ಲೇ ಅತಿಮಾನುಷ ಶಕ್ತಿಗಳಿಗೆ ಪ್ರವೇಶವಿಲ್ಲ ಎಂದುಬಿಟ್ಟ. (ನಾಕ್ಸ್ ಕ್ಯಾಥೊಲಿಕ್ ಪಾದ್ರಿ. ಪವಾಡವನ್ನು ನಂಬುವುದೇ ವೃತ್ತಿಯಾಗಿದ್ದವನು ಕೊಲೆಯ ಕಥೆಯಲ್ಲಿ ಮಾತ್ರ ಅದನ್ನು ಹೊರಗಿಟ್ಟ.) ದೆವ್ವದ ಕಥೆಯ ಕಾನೂನು ಇದಕ್ಕೆ ಉಲ್ಟಾ. 1924ರ ಒಂದು ಕಥಾಸಂಕಲನದ ಮುನ್ನುಡಿಯಲ್ಲಿ ಎಂ.ಆರ್. ಜೇಮ್ಸ್, ಲೌಕಿಕ ವಿವರಣೆಗೂ ಒಂದು ಸಂದು ಬಿಟ್ಟಿರಬಹುದು, ಆದರೆ ಅದರೊಳಗೆ ತೂರಿಕೊಂಡು ಹೊರಬರಲು ಆಗದಷ್ಟು ಅದು ಕಿರಿದಾಗಿರಲಿ ಎಂದು ಹೇಳಿದ್ದಾನೆ. ಪಾತ್ರಗಳು ಮೊದಲು ತಮ್ಮ ಪಾಡಿಗೆ ನಿತ್ಯದ ಕೆಲಸ ಮಾಡಿಕೊಂಡಿರಲಿ, ಕೇಡು ಆಮೇಲೆ ತಲೆ ಹಾಕಲಿ ಎಂಬುದೂ ಅಲ್ಲಿಯೇ ಬರುವ ಸಲಹೆ. ಪತ್ತೇದಾರಿ ಕಥೆ ಕೊನೆಗೆ ಎಲ್ಲವನ್ನೂ ವಿವರಿಸಲೇಬೇಕು, ದೆವ್ವದ ಕಥೆ ಪೂರ್ತಿ ವಿವರಿಸಬಾರದು. ಇವೆರಡನ್ನೂ ಸೇರಿಸಿ ಬರೆಯುವವನು ಓದುಗನಿಗೆ ಯಾವ ಕಾನೂನಿನ ಕೆಳಗೆ ವಿಚಾರಣೆ ನಡೆಯುತ್ತದೆ ಎಂದು ಬೇಗ ತಿಳಿಸದಿದ್ದರೆ, ಮುನ್ನೂರು ಪುಟ ಓದಿದವನಿಗೆ ಮೋಸವಾದಂತಾಗುತ್ತದೆ. ಬೀಗ ಹಾಕಿದ ಕೋಣೆಯಲ್ಲಿ ಕೊಲೆ ಹೇಗಾಯಿತೆಂದು ತಲೆ ಕೆಡಿಸಿಕೊಂಡವನಿಗೆ ಕಡೆಯಲ್ಲಿ ‘ಪ್ರೇತ ಗೋಡೆ ದಾಟಿ ಬಂತು’ ಎಂದರೆ ಅವನು ಪುಸ್ತಕ ಎಸೆಯುತ್ತಾನೆ, ಎಸೆದರೆ ತಪ್ಪೂ ಇಲ್ಲ.

ಆರ್ಥರ್ ಕಾನನ್ ಡಾಯ್ಲ್ ಈ ಲೆಕ್ಕವನ್ನು ಎಷ್ಟು ಜಾಣತನದಿಂದ ಬಗೆಹರಿಸಿದ ನೋಡಿ. ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ 1901ರ ಆಗಸ್ಟಿನಿಂದ ಸ್ಟ್ರಾಂಡ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಒಂದು ವಂಶವನ್ನು ಬೆನ್ನಟ್ಟುವ ನರಕದ ನಾಯಿಯ ಕಥೆ. ಬೇರೆ ಯಾರೇ ಆಗಿದ್ದರೂ ಜೌಗು ಬಯಲಿನ ಮಂಜಿನಲ್ಲಿ ನಾಯಿ ಊಳಿಡುವುದರಿಂದಲೇ ಶುರುಮಾಡುತ್ತಿದ್ದರು. ಡಾಯ್ಲ್ ಶುರುಮಾಡುವುದು ಬೆಳಗಿನ ತಿಂಡಿಯ ಹೊತ್ತಿನಲ್ಲಿ, ಹಿಂದಿನ ರಾತ್ರಿ ಯಾರೋ ಮರೆತುಹೋದ ಒಂದು ಊರುಗೋಲಿನಿಂದ. ಅದರ ಮೇಲೆ ಡಾಕ್ಟರರೊಬ್ಬರ ಹೆಸರು, ‘ಸಿ.ಸಿ.ಎಚ್.’ ಎಂಬ ಮೂರಕ್ಷರ, 1884 ಎಂಬ ಇಸವಿ. ಪತ್ತೇದಾರ ಷರ್ಲಾಕ್ ಹೋಮ್ಸನ ಗೆಳೆಯ ವಾಟ್ಸನ್ ಅದನ್ನು ನೋಡಿ ಯಾವುದೋ ಬೇಟೆಗಾರರ ಸಂಘ ಕೊಟ್ಟ ಉಡುಗೊರೆ, ಮಾಲೀಕ ವಯಸ್ಸಾದವನು ಎಂದು ಊಹಿಸುತ್ತಾನೆ. ಹೋಮ್ಸ್ ಅದು ಚೇರಿಂಗ್ ಕ್ರಾಸ್ ಆಸ್ಪತ್ರೆ, ಮಾಲೀಕ ಇನ್ನೂ ಹುಡುಗ ಎಂದು ತಿದ್ದುತ್ತಾನೆ. ಕೋಲಿನ ನಡುವೆ ಹಲ್ಲಿನ ಗುರುತುಗಳಿವೆ: ಅದನ್ನು ಕಚ್ಚಿಕೊಂಡು ಮಾಲೀಕನ ಹಿಂದೆ ಹೋಗುತ್ತಿದ್ದ ನಾಯಿಯದು. ಆ ಗುರುತುಗಳ ಅಂತರದಿಂದ ಹೋಮ್ಸ್ ನಾಯಿಯ ಗಾತ್ರ ಹೇಳುತ್ತಾನೆ, ಟೆರಿಯರಿಗಿಂತ ದೊಡ್ಡದು, ಮ್ಯಾಸ್ಟಿಫ್‌ಗಿಂತ ಸಣ್ಣದು ಎಂದು. ದೈತ್ಯ ನಾಯಿಯ ಕಾದಂಬರಿಯ ಮೊದಲ ಪುಟಗಳಲ್ಲಿ ಒಂದು ಸಾಕು ನಾಯಿಯ ಹಲ್ಲಿನ ಗುರುತು! ನಾಯಿ ಎಂಬುದು ಅಳೆಯಬಹುದಾದ ಪ್ರಾಣಿ, ಅದು ಗುರುತು ಬಿಡುತ್ತದೆ, ಅವಸರದಲ್ಲಿ ಓದಿದರೆ ಗುರುತು ದಾರಿ ತಪ್ಪಿಸುತ್ತದೆ ಎಂಬ ಮೂರು ಪಾಠಗಳನ್ನೂ ಓದುಗ ತಿಂಡಿ ಮೇಜಿನ ಪಕ್ಕದಲ್ಲೇ ಕಲಿತಿರುತ್ತಾನೆ. ಇದಾದ ಮೇಲಷ್ಟೇ 1742ರ ಹಸ್ತಪ್ರತಿ ಹೊರಬರುತ್ತದೆ, ಶಾಪದ ಐತಿಹ್ಯವನ್ನು ಓದಲಾಗುತ್ತದೆ. ಇನ್ನು ಎಷ್ಟು ಹೆದರಿಸಿದರೂ ಚಿಂತೆಯಿಲ್ಲ, ತೀರ್ಪು ಯಾವ ಕಾನೂನಿನಂತೆ ಬರುತ್ತದೆ ಎಂಬುದು ಗೊತ್ತಾಗಿದೆ.

ಅಂಥ ಲೌಕಿಕ ತೀರ್ಪು ಬರದ ಕಾದಂಬರಿಯ ಮಾತೇನು? 1897ರ ‘ಡ್ರಾಕುಲಾ’ದಲ್ಲಿ ರಕ್ತಪಿಶಾಚಿ ನಿಜವಾಗಿಯೂ ಇದೆ. ಆದರೆ ಆ ಪುಸ್ತಕ ತೆರೆದರೆ ಮೊದಲು ಸಿಗುವುದು, ಈ ಕಾಗದಪತ್ರಗಳನ್ನು ಯಾವ ಕ್ರಮದಲ್ಲಿ ಜೋಡಿಸಿದೆ ಎಂಬ ಪುಟ್ಟ ಟಿಪ್ಪಣಿ. ಅದರ ಹಿಂದೆಯೇ ಜೊನಾಥನ್ ಹಾರ್ಕರ್ ಎಂಬ ಎಳೆಯ ವಕೀಲ ಶೀಘ್ರಲಿಪಿಯಲ್ಲಿ ಬರೆದ ದಿನಚರಿ. ಮೇ 1ರ ರಾತ್ರಿ 8.35ಕ್ಕೆ ಮ್ಯೂನಿಕ್ ಬಿಟ್ಟದ್ದು, ವಿಯೆನ್ನಾಕ್ಕೆ 6.46ಕ್ಕೆ ತಲುಪಬೇಕಿದ್ದ ರೈಲು ಒಂದು ಗಂಟೆ ತಡವಾದದ್ದು, ರಾತ್ರಿ ಊಟಕ್ಕೆ ತಿಂದ ಕೆಂಪು ಮೆಣಸಿನ ಕೋಳಿ, ಅದರಿಂದಾದ ದಾಹ, ಮಾಡುವ ವಿಧಾನವನ್ನು ಮದುವೆಯಾಗಲಿರುವ ಮೀನಾಳಿಗೋಸ್ಕರ ಕೇಳಿಕೊಳ್ಳಬೇಕೆಂಬ ನೆನಪೋಲೆ. ಬ್ರಾಮ್ ಸ್ಟೋಕರ್ ಟ್ರಾನ್ಸಿಲ್ವೇನಿಯಾಕ್ಕೆ ಕಾಲಿಟ್ಟವನೇ ಅಲ್ಲ. ವೇಳಾಪಟ್ಟಿ, ನಕಾಶೆ, ಪ್ರವಾಸ ಪುಸ್ತಕಗಳಿಂದ ಆ ದಾರಿಯನ್ನು ಕಟ್ಟಿಕೊಂಡವನು. ಡ್ರಾಕುಲಾ ಎಂಬ ಹೆಸರೂ 1890ರಲ್ಲಿ ವಿಟ್ಬಿಯ ಗ್ರಂಥಾಲಯದಲ್ಲಿ ಓದಿದ ವಿಲಿಯಂ ವಿಲ್ಕಿನ್ಸನ್ನನ ಪುಸ್ತಕದಿಂದ ಬಂದದ್ದು. ರೈಲು ತಡವಾದದ್ದನ್ನು ಬರೆದಿಡುವ ಮನುಷ್ಯ ಸುಳ್ಳುಗಾರನಲ್ಲ, ಹುಚ್ಚನೂ ಅಲ್ಲ ಎಂಬ ಭಾವನೆ ನಮ್ಮಲ್ಲಿ ತಾನಾಗಿ ಮೂಡುತ್ತದೆ. ಮುಂದೆ ಇದೇ ಮನುಷ್ಯ ಜಮೀನ್ದಾರನೊಬ್ಬ ಕೋಟೆಯ ಗೋಡೆಯ ಮೇಲೆ ತಲೆಕೆಳಗಾಗಿ ಹಲ್ಲಿಯಂತೆ ಇಳಿದುಹೋಗುವುದನ್ನು ಕಂಡೆ ಎಂದಾಗ, ಅವನನ್ನು ಅಲ್ಲಗಳೆಯುವುದು ಕಷ್ಟವಾಗುತ್ತದೆ. ಇನ್ನೊಂದು ಸಂಗತಿಯೂ ಇದೆ. ಸ್ಟೋಕರ್ ತೀರಿಕೊಂಡ ಮೇಲೆ 1914ರಲ್ಲಿ ಅವನ ಹೆಂಡತಿ ಫ್ಲಾರೆನ್ಸ್ ‘ಡ್ರಾಕುಲಾಸ್ ಗೆಸ್ಟ್’ ಎಂಬ ಕಥೆ ಪ್ರಕಟಿಸಿ, ಇದು ಉದ್ದ ಹೆಚ್ಚಾಯಿತೆಂದು ಕಾದಂಬರಿಯಿಂದ ತೆಗೆದಿದ್ದ ಭಾಗ ಎಂದಳು. ಮ್ಯೂನಿಕ್ ಬಳಿಯ ಹಾಳು ಊರು, ಹಿಮಪಾತ, ಗೋರಿಯೊಳಗಿನ ಹೆಣ್ಣು, ಎದೆಯ ಮೇಲೆ ಮಲಗುವ ತೋಳ ಎಲ್ಲ ಅದರಲ್ಲಿವೆ. ಅದು ನಿಜಕ್ಕೂ ಮೂಲದ ಮೊದಲ ಅಧ್ಯಾಯವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆಗಿದ್ದರೆ, ಮೈ ಜುಮ್ಮೆನಿಸುವ ಆರಂಭ ಕತ್ತರಿಗೆ ಸಿಕ್ಕು, ರೈಲಿನ ವೇಳೆ ಮತ್ತು ಕೋಳಿ ಸಾರಿನ ಆರಂಭ ಉಳಿದುಕೊಂಡಿತು. ಉಳಿಯಬೇಕಾದದ್ದೇ ಉಳಿಯಿತು.

ಹೆನ್ರಿ ಜೇಮ್ಸ್ ಇವರಿಬ್ಬರಿಗಿಂತ ಕಿಲಾಡಿ. 1898ರ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಕ್ರಿಸ್‌ಮಸ್ ಹಿಂದಿನ ರಾತ್ರಿ ಅಗ್ಗಿಷ್ಟಿಕೆಯ ಸುತ್ತ ಕೂತು ದೆವ್ವದ ಕಥೆ ಕೇಳುವ ಮಂದಿಯಿಂದ ತೊಡಗುತ್ತದೆ. ಅವರಲ್ಲಿ ಡಗ್ಲಸ್ ಎಂಬಾತ ತನ್ನ ಬಳಿ ಇದಕ್ಕಿಂತ ಘೋರವಾದದ್ದು ಇದೆ, ಆದರೆ ಬರಹ ಲಂಡನ್ನಿನಲ್ಲಿ ಬೀಗ ಹಾಕಿದ ಡ್ರಾಯರಿನಲ್ಲಿದೆ ಎನ್ನುತ್ತಾನೆ. ಕೀಲಿ ಕಳಿಸಿ, ಅಂಚೆಯಲ್ಲಿ ತರಿಸಿ, ದಿನಗಳು ಕಾದು ಆಮೇಲೆ ಓದಲಾಗುತ್ತದೆ. ಬರೆದವಳು ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡ ಒಬ್ಬ ಶಿಕ್ಷಕಿ. ನಮ್ಮ ಕೈಲಿರುವುದು ಆ ಹಸ್ತಪ್ರತಿಯೂ ಅಲ್ಲ, ಮುಂದೆ ನಿರೂಪಕ ಮಾಡಿಕೊಂಡ ನಕಲು. ಹೀಗೆ ಸಾಕ್ಷಿ ಮೂರು ಕೈ ದಾಟಿ ಬಂದಿದೆ. ಆಕೆ ತನ್ನ ತಂಗಿಗೆ ಪಾಠ ಹೇಳಲು ಬಂದವಳು, ತುಂಬ ಒಳ್ಳೆಯವಳು ಎಂದು ಡಗ್ಲಸ್ ಹೇಳುವಾಗ ಅವನಿಗೆ ಆಕೆಯ ಮೇಲೆ ಮನಸ್ಸಿತ್ತೆಂಬುದು ಕೇಳುಗರಿಗೆ ಗೊತ್ತಾಗುತ್ತದೆ. ಇಲ್ಲಿದೆ ಕಿತಾಪತಿ. ಪ್ರಾಮಾಣಿಕತೆಗೆ ಜಾಮೀನು ನಿಂತವನೇ ಪಕ್ಷಪಾತಿ. 1934ರಲ್ಲಿ ವಿಮರ್ಶಕ ಎಡ್ಮಂಡ್ ವಿಲ್ಸನ್, ಶಿಕ್ಷಕಿ ದೆವ್ವಗಳನ್ನು ಕಂಡೆನೆನ್ನುವ ಮನೆಯಲ್ಲಿ ದೆವ್ವಗಳೇ ಇಲ್ಲ, ಅವು ಆಕೆಯ ಕದಡಿದ ಮನಸ್ಸಿನ ಕಲ್ಪನೆ ಎಂದು ವಾದಿಸಿದ. ಅಂದು ಎದ್ದ ಜಗಳ ಇಂದಿಗೂ ಮುಗಿದಿಲ್ಲ. ಎರಡೂ ಪಕ್ಷದ ವಕೀಲರಿಗೆ ಬೇಕಾದ ಕಾಗದಪತ್ರ ಮೊದಲ ಕೆಲವು ಪುಟಗಳಲ್ಲೇ ಇದೆ ಎಂಬುದು ಅದಕ್ಕೆ ಒಂದು ಕಾರಣ. ಅಗ್ಗಿಷ್ಟಿಕೆಯ ಸುತ್ತ ಕೂತವರನ್ನು ಜೇಮ್ಸ್ ಕೊನೆಯಲ್ಲಿ ಮತ್ತೆ ತರುವುದೂ ಇಲ್ಲ. ಸಾಕ್ಷಿಯ ಹೇಳಿಕೆ ಮುಗಿಯುತ್ತಿದ್ದಂತೆ ಪುಸ್ತಕವೂ ಮುಗಿಯುತ್ತದೆ, ನ್ಯಾಯಾಧೀಶನ ಕುರ್ಚಿ ಖಾಲಿಯಾಗಿಯೇ ಉಳಿಯುತ್ತದೆ.

ಸಾಕ್ಷಿ ಮೊದಲು ಎಂಬ ಈ ವಾದಕ್ಕೆ ಮೊದಲ ಆಕ್ಷೇಪ ಚರಿತ್ರೆಯಿಂದಲೇ ಬರುತ್ತದೆ. ಈ ಬಗೆಯ ಕಾದಂಬರಿಗಳ ಮೂಲಪುರುಷ ಎನಿಸಿಕೊಂಡ ಹೊರೇಸ್ ವಾಲ್ಪೋಲನ ‘ದಿ ಕಾಸಲ್ ಆಫ್ ಒಟ್ರಾಂಟೊ’ ಶುರುವಾಗುತ್ತಲೇ ಮದುವೆಯ ದಿನ ಮದುಮಗನ ಮೇಲೆ ದೈತ್ಯಾಕಾರದ ಶಿರಸ್ತ್ರಾಣವೊಂದು ಬಿದ್ದು ಅವನು ಅಪ್ಪಚ್ಚಿಯಾಗುತ್ತಾನೆ. ಸಾಕ್ಷಿಯ ಮಾತೆಲ್ಲಿ? ಮುನ್ನುಡಿಯಲ್ಲಿದೆ. 1764ರ ಡಿಸೆಂಬರಿನಲ್ಲಿ ಹೊರಬಂದ ಮೊದಲ ಮುದ್ರಣದಲ್ಲಿ ವಾಲ್ಪೋಲ್ ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಒಬ್ಬ ಇಟಾಲಿಯನ್ ಪಾದ್ರಿ ಬರೆದದ್ದನ್ನು ವಿಲಿಯಂ ಮಾರ್ಷಲ್ ಎಂಬಾತ ಅನುವಾದಿಸಿದ ಎಂಬ ಸುಳ್ಳನ್ನು ಸೃಷ್ಟಿಸಿ, ಅದಕ್ಕೊಂದು ಪಾಂಡಿತ್ಯದ ಪೀಠಿಕೆ ಕಟ್ಟಿದ. ಪುಸ್ತಕ ಗೆದ್ದ ಮೇಲಷ್ಟೇ ಎರಡನೇ ಮುದ್ರಣದಲ್ಲಿ ತಾನೇ ಬರೆದದ್ದೆಂದು ಒಪ್ಪಿಕೊಂಡ. ಶಿರಸ್ತ್ರಾಣ ಬೀಳಿಸುವ ಮುಂಚೆ ಅವನಿಗೂ ಒಂದು ಹಳೆಯ ದಸ್ತಾವೇಜಿನ ಆಸರೆ ಬೇಕಾಯಿತು. ಇನ್ನೊಂದು ಗಟ್ಟಿಯಾದ ಆಕ್ಷೇಪ ಶರ್ಲಿ ಜ್ಯಾಕ್ಸನ್ನಳ 1959ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’. ಇಂಗ್ಲಿಷಿನ ಅತ್ಯುತ್ತಮ ಆರಂಭಗಳಲ್ಲಿ ಒಂದೆಂದು ಹೆಸರಾದ ಅದರ ಮೊದಲ ಪರಿಚ್ಛೇದದಲ್ಲಿ ಮನುಷ್ಯರೇ ಇಲ್ಲ, ಇರುವುದು ಮನೆ ಮಾತ್ರ, ಅದೂ ಬುದ್ಧಿ ಸ್ತಿಮಿತದಲ್ಲಿಲ್ಲದ ಮನೆ. ಒಪ್ಪಬೇಕಾದ ಮಾತೇ. ಆದರೆ ಆ ಪರಿಚ್ಛೇದದ ದನಿ ಕೇಳಿ: ಜೀವಶಾಸ್ತ್ರದ ಪಠ್ಯದಂತೆ ತಣ್ಣಗೆ, ಸಾಮಾನ್ಯ ನಿಯಮವೊಂದರಿಂದ ಶುರುವಾಗಿ, ಗೋಡೆ ನೆಟ್ಟಗಿದೆ, ಇಟ್ಟಿಗೆ ಹೊಂದಿಕೊಂಡಿವೆ, ಬಾಗಿಲು ಸರಿಯಾಗಿ ಮುಚ್ಚಿವೆ ಎಂದು ಕಟ್ಟಡ ಪರಿಶೀಲನೆಗೆ ಬಂದ ಎಂಜಿನಿಯರ್ ವರದಿ ಬರೆದಂತಿದೆ. ಅದರ ಬೆನ್ನಿಗೇ, ಎರಡನೇ ಪರಿಚ್ಛೇದದಲ್ಲಿ, ಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮಾಂಟಗ್ಯೂ ಆ ಮನೆಯನ್ನು ಬೇಸಿಗೆಯ ಮೂರು ತಿಂಗಳಿಗೆ ಬಾಡಿಗೆಗೆ ಹಿಡಿಯುತ್ತಾನೆ. ದೆವ್ವದ ಮನೆಗೂ ಬಾಡಿಗೆ ಕಟ್ಟಬೇಕಾದ ಕಥೆಯನ್ನು ನಂಬದಿರುವುದು ಹೇಗೆ?

ಅವಸರದ ಕಾಲ ಇದು, ಮೊದಲ ಸಾಲೇ ಕುತ್ತಿಗೆ ಪಟ್ಟಿ ಹಿಡಿದು ಎಳೆಯದಿದ್ದರೆ ಓದುಗ ಮುಂದಿನದಕ್ಕೆ ಹೋಗುತ್ತಾನೆ ಎಂಬುದು ಪ್ರಕಾಶಕರ ತಕರಾರು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಎಳೆಯುವುದಕ್ಕೂ ಸಾಕ್ಷಿ ಹೇಳುವುದಕ್ಕೂ ವಿರೋಧವಿದೆ ಎಂದುಕೊಂಡದ್ದೇ ತಪ್ಪು. ಡಿಕನ್ಸ್ 1843ರಲ್ಲಿ ‘ಎ ಕ್ರಿಸ್‌ಮಸ್ ಕ್ಯಾರೊಲ್’ ಬರೆದಾಗ ಮಾರ್ಲಿ ಸತ್ತಿದ್ದಾನೆ ಎಂಬುದರಿಂದಲೇ ಹೊರಟ. ಕೂಡಲೇ, ಅವನನ್ನು ಹೂಳಿದ ದಾಖಲೆಗೆ ಪಾದ್ರಿ, ಗುಮಾಸ್ತ ಮುಂತಾದವರು ಸಹಿ ಹಾಕಿದ್ದನ್ನು, ಅವನ ವ್ಯಾಪಾರದ ಪಾಲುದಾರ ಸ್ಕ್ರೂಜ್ ಕೂಡ ಸಹಿ ಹಾಕಿದ್ದನ್ನು ತಿಳಿಸಿದ. ಸತ್ತದ್ದು ಖಚಿತವಾಗದಿದ್ದರೆ ಮುಂದಿನದರಲ್ಲಿ ಅಚ್ಚರಿಯೇನೂ ಇರದು ಎಂಬ ವಿವರಣೆಯನ್ನೂ ಅಲ್ಲೇ ಕೊಟ್ಟ. ಸ್ಟೀಫನ್ ಕಿಂಗ್‌ನ 1974ರ ‘ಕ್ಯಾರಿ’ ಒಂದು ಊರಿನ ವಾರಪತ್ರಿಕೆಯ ಸುದ್ದಿ ತುಣುಕಿನಿಂದ ತೊಡಗುತ್ತದೆ. ತಿಳಿ ಆಕಾಶದಿಂದ ಮುಖ್ಯವಾಗಿ ಒಂದು ಮನೆಯ ಮೇಲೆ ಕಲ್ಲಿನ ಮಳೆ ಬಿದ್ದಿದೆ. ಸುದ್ದಿಗಾರ ನಷ್ಟ ಬರೆದುಕೊಂಡಿದ್ದಾನೆ: ಮಳೆನೀರಿನ ಎರಡು ದೋಣಿ, ಒಂದು ಕೊಳವೆ, ಸುಮಾರು 25 ಡಾಲರ್. ಮನೆಯೊಡತಿ ಮಾತಿಗೆ ಸಿಗಲಿಲ್ಲ. ಕಲ್ಲುಮಳೆ ಕುತೂಹಲ ಹುಟ್ಟಿಸುತ್ತದೆ ನಿಜ, ಅದನ್ನು ನಂಬಿಸುವುದು ಮಾತ್ರ ಆ ಕೊಳವೆಯ ಬೆಲೆ. ಬರೀ ಮಳೆ ಗಾಳಿ ಕತ್ತಲೆಯನ್ನೇ ನಂಬಿದವರ ಗತಿ ಏನಾಯಿತೆಂದು ನೋಡಬೇಕಾದರೆ ಎಡ್ವರ್ಡ್ ಬುಲ್ವರ್-ಲಿಟ್ಟನ್ ಇದ್ದಾನೆ. 1830ರ ‘ಪಾಲ್ ಕ್ಲಿಫರ್ಡ್’ ಕಾದಂಬರಿಗೆ ಅವನು ಬರೆದ ಬಿರುಗಾಳಿ ರಾತ್ರಿಯ ಆರಂಭ ಎಷ್ಟು ನಗೆಪಾಟಲಾಯಿತೆಂದರೆ, 1982ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ವಿಶ್ವವಿದ್ಯಾಲಯದಲ್ಲಿ ಅತಿ ಕೆಟ್ಟ ಮೊದಲ ವಾಕ್ಯ ಬರೆಯುವ ಸ್ಪರ್ಧೆಗೇ ಅವನ ಹೆಸರಿಟ್ಟರು. ಪಾಪ, ಬುಲ್ವರ್-ಲಿಟ್ಟನ್ ಒಳ್ಳೆಯ ದೆವ್ವದ ಮನೆಯ ಕಥೆಯನ್ನೂ ಬರೆದಿದ್ದ.

ಸಾಕ್ಷಿ, ಪುರಾವೆ ಎಂಬುದೆಲ್ಲ ಕೋರ್ಟು ಕಚೇರಿಗಳ ಇಂಗ್ಲಿಷ್ ಸಂಪ್ರದಾಯ, ನಮ್ಮ ಕಥೆಗಳಲ್ಲಿ ಬೇತಾಳ ಯಾರ ಅಪ್ಪಣೆಯನ್ನೂ ಕೇಳದೆ ಬರುತ್ತದೆ ಎನ್ನುವವರಿದ್ದಾರೆ. ಬೇತಾಳನ ಕಥೆಯನ್ನೇ ತೆಗೆದುಕೊಳ್ಳೋಣ. ‘ಕಥಾಸರಿತ್ಸಾಗರ’ದಲ್ಲಿ ಅದು ಸ್ಮಶಾನದಲ್ಲಿ ಶುರುವಾಗುವುದಿಲ್ಲ, ಆಸ್ಥಾನದಲ್ಲಿ ಶುರುವಾಗುತ್ತದೆ. ಭಿಕ್ಷುವೊಬ್ಬ ದಿನಾ ಬಂದು ರಾಜನಿಗೆ ಒಂದು ಹಣ್ಣು ಕೊಡುತ್ತಾನೆ, ರಾಜ ಅದನ್ನು ಭಂಡಾರದವನ ಕೈಗೆ ಕೊಡುತ್ತಾನೆ, ವರ್ಷಗಟ್ಟಲೆ ಹೀಗೇ ನಡೆಯುತ್ತದೆ. ಒಂದು ದಿನ ಸಾಕಿದ ಕೋತಿಯೊಂದು ಹಣ್ಣು ಕಚ್ಚಿದಾಗ ಒಳಗಿನಿಂದ ರತ್ನ ಬೀಳುತ್ತದೆ. ಭಂಡಾರ ತೆರೆಸಿ ನೋಡಿದರೆ ಹಣ್ಣುಗಳೆಲ್ಲ ಕೊಳೆತು, ರತ್ನಗಳು ರಾಶಿ ಬಿದ್ದಿವೆ. ಬೇತಾಳ ಕಾಲಿಡುವ ಮೊದಲು ಇಲ್ಲೂ ಒಂದು ಭಂಡಾರದ ಲೆಕ್ಕ ಇದೆ. ಆಮೇಲಾದರೂ ಬೇತಾಳ ಮಾಡುವುದೇನು? ಪ್ರತಿ ಕಥೆಯ ಕೊನೆಗೆ ನ್ಯಾಯದ ಪ್ರಶ್ನೆ ಕೇಳುತ್ತದೆ, ಉತ್ತರ ಗೊತ್ತಿದ್ದೂ ಬಾಯಿ ಬಿಡದಿದ್ದರೆ ತಲೆ ಒಡೆಯುತ್ತದೆ ಎನ್ನುತ್ತದೆ. ಇಂಥ ಪಾಟೀಸವಾಲು ಯಾವ ಕೋರ್ಟಿನಲ್ಲಿದೆ? ಗಿರೀಶ ಕಾರ್ನಾಡರ ‘ನಾಗಮಂಡಲ’ವೂ ಪಾಳುಗುಡಿಯಲ್ಲಿ ಕೂತ ಒಬ್ಬ ಮನುಷ್ಯನಿಂದ ಆರಂಭವಾಗುತ್ತದೆ. ತಿಂಗಳಲ್ಲಿ ಒಂದು ರಾತ್ರಿಯಾದರೂ ಪೂರ್ತಿ ಎಚ್ಚರವಿರದಿದ್ದರೆ ಅವನಿಗೆ ಸಾವು, ಅಂದು ಕೊನೆಯ ರಾತ್ರಿ. ದೀಪದ ಕುಡಿಗಳು ಮಾತಾಡಿಕೊಳ್ಳಲು ಬರುವ ಹೊತ್ತಿಗೆ, ನಿದ್ದೆ ಮಾಡಲು ಧೈರ್ಯವಿಲ್ಲದ ಒಬ್ಬ ಸಾಕ್ಷಿ ಅಲ್ಲಿ ಕಣ್ಣು ತೆರೆದು ಕೂತಿದ್ದಾನೆ.

ಉಳಿದ ಆಕ್ಷೇಪವೇ ನಮಗೆ ಹೆಚ್ಚು ಹತ್ತಿರದ್ದು. ಇಂಥ ಕಾದಂಬರಿಗಳು ಮೂಢನಂಬಿಕೆಗೆ ನೀರೆರೆಯುತ್ತವೆ, ಅವು ನಂಬಿಸುವಂತೆ ಬರೆದಷ್ಟೂ ಅಪಾಯ ಹೆಚ್ಚು ಎಂಬುದು. ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದು, 1985ರಲ್ಲಿ ಸಿನಿಮಾವೂ ಆಗಿ, ಮಾಟಮಂತ್ರವನ್ನು ಮನೆಮನೆಗೆ ತಂದಿತೆಂಬ ದೂರನ್ನು ಹೊತ್ತುಕೊಂಡಿತು. ಕಲಬುರಗಿ, ಬೀದರ್ ಸೀಮೆಯಲ್ಲಿ ಮನೆ ಮೇಲೆ ಕಲ್ಲು ಬಿದ್ದರೆ, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ಸುಟ್ಟರೆ ಭಾನಾಮತಿ ಎನ್ನುತ್ತಾರೆ, ಬಹಳ ಸಲ ಅದರ ಹೊಣೆ ಊರಿನ ದುರ್ಬಲರೊಬ್ಬರ ತಲೆಗೆ ಬಂದು ಬೀಳುತ್ತದೆ. ಹಾಗಾಗಿ ಈ ಭಯ ಹುಸಿಯಲ್ಲ. ಆದರೆ ಮೂಢನಂಬಿಕೆ ಬೆಳೆಯುವುದು ಸಾಕ್ಷಿಯನ್ನು ಕೇಳದಿರುವಲ್ಲಿ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ ಕೇಳಿದ್ದೂ ಅಷ್ಟೇ: ನಮ್ಮ ಕಣ್ಣೆದುರಿಗೆ, ನಾವು ಹೇಳಿದ ಷರತ್ತಿನಲ್ಲಿ ಮಾಡಿ ತೋರಿಸಿ. ದೆವ್ವವನ್ನು ಮೊದಲ ಸಾಲಿನಲ್ಲೇ ಮೆರವಣಿಗೆ ಹೊರಡಿಸುವ ಕಾದಂಬರಿ ಓದುಗನಿಂದ ಕೈಮುಗಿಸಿಕೊಳ್ಳುತ್ತದೆ. ಸಾಕ್ಷಿಯನ್ನು ಮುಂದೆ ನಿಲ್ಲಿಸುವ ಕಾದಂಬರಿ ಅದೇ ಓದುಗನ ಕೈಗೆ ಕರಿಕೋಟು ಕೊಟ್ಟು ‘ಕೇಳು’ ಎನ್ನುತ್ತದೆ.

ಭಾನಾಮತಿಯನ್ನೇ ವಸ್ತುವಾಗಿಟ್ಟುಕೊಂಡು ನಾಳೆ ಯಾರಾದರೂ ಕನ್ನಡದಲ್ಲಿ ಒಂದು ರಹಸ್ಯ ಕಾದಂಬರಿ ಬರೆದು ಅದರ ಮೊದಲ ಪುಟವನ್ನು ಹಂಚಿಕೊಳ್ಳುವುದಾದರೆ, ಅಲ್ಲಿ ಅಮಾವಾಸ್ಯೆಯ ವರ್ಣನೆಗಿಂತ ಒಂದು ಪಂಚನಾಮೆ ಇರಲಿ. ಠಾಣೆಯ ಹೆಸರು, ಬಿದ್ದ ಕಲ್ಲುಗಳ ಸಂಖ್ಯೆ, ಒಡೆದ ಹೆಂಚುಗಳ ಲೆಕ್ಕ, ಗೋಡೆಯಿಂದ ಬೀದಿಗಿರುವ ಅಂತರ, ಕೆಳಗೆ ಐದು ಜನ ಪಂಚರ ಸಹಿ. ಐದರಲ್ಲಿ ಒಂದು ಸಹಿ, ಆ ಊರಿನವರೆಲ್ಲ ಎರಡು ವರ್ಷದ ಹಿಂದೆ ಮಣ್ಣು ಮಾಡಿ ಬಂದವನದಾಗಿರಲಿ.